ಡಿಜೆಗಳಿಗೆ ಸಂಗೀತಗಾರರಷ್ಟೇ ಮರ್ಯಾದೆ ಸಿಗಬೇಕಾ? ದಾವಣಗೆರೆ–ಚಿತ್ರದುರ್ಗದವರು ಹೇಳಿ

ಬೆಣ್ಣೆನಗರಿ (ದಾವಣಗೆರೆ)

ನಾನು ಒಂದು ರಸಮಂಜರಿ ತಂಡದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ನನ್ನ ಚಿಕ್ಕಮ್ಮನ ಮಗ ಡಿಜೆ. ನೆಂಟರ ಮುಂದೆ ನಮ್ಮಿಬ್ಬರ ಮಾತು ಬಂದರೆ ನಾನು ‘ಸಂಗೀತದಲ್ಲಿ ಇದ್ದಾನೆ’, ಅವನು ‘ಅದೇನೋ ಹಾಡು ಹಾಕ್ತಾನೆ’. ಇದು ನನಗೆ ತುಂಬಾ ದಿನದಿಂದ ಬೇಜಾರು.

ಯಾಕಂದರೆ ವೇದಿಕೆ ಮೇಲೆ ನಾನು ಮಾಡುವ ಕೆಲಸ ಏನು ಅಂತ ನನಗೆ ಗೊತ್ತು. ಸಿನಿಮಾ ಹಾಡು ರೆಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಬರಬೇಕು. ಕೊಳಲಿನ ಬಿಟ್, ವಯೋಲಿನ್ ಬಿಟ್ ಎಲ್ಲ ಅದೇ ಜಾಗದಲ್ಲಿ ಬೀಳಬೇಕು. ಸ್ವಲ್ಪ ಬೇರೆ ಮಾಡಿದರೂ ‘ಒರಿಜಿನಲ್ ಥರ ಬರಲಿಲ್ಲ’ ಅಂತಾರೆ. ರಿದಮ್ ಪ್ಯಾಡ್‌ನಲ್ಲಿ ಮೊದಲೇ ಕೂಡಿಸಿಟ್ಟ ಲೂಪ್ ಓಡುತ್ತಿರುತ್ತದೆ. ಯಾವ ಹಾಡಾದ ಮೇಲೆ ಯಾವ ಹಾಡು ಅನ್ನುವ ಪಟ್ಟಿ ಮಧ್ಯಾಹ್ನವೇ ಸಿದ್ಧ. ನನ್ನ ತಮ್ಮನ ಹತ್ತಿರ ಪಟ್ಟಿಯೇ ಇರುವುದಿಲ್ಲ. ಅಂಗಳದಲ್ಲಿ ಯಾರಿದ್ದಾರೆ, ಹೆಂಗಸರು ಬಂದರಾ, ಹುಡುಗರು ಸುಸ್ತಾದರಾ ಅಂತ ನೋಡಿಕೊಂಡು ಅಲ್ಲೇ ತೀರ್ಮಾನ ಮಾಡುತ್ತಾನೆ. ಹಾಗಾದರೆ ಆ ಸಂಜೆ ಇಬ್ಬರಲ್ಲಿ ಯಾರು ಹೊಸದಾಗಿ ಏನೋ ಮಾಡಿದ್ದು?

ಹೋದ ಮದುವೆ ಸೀಸನ್‌ನಲ್ಲಿ ಒಂದು ಕಲ್ಯಾಣ ಮಂಟಪದಲ್ಲಿ ಇಬ್ಬರಿಗೂ ಕೆಲಸ ಇತ್ತು. ನಮ್ಮ ತಂಡಕ್ಕೆ ಊಟದ ಹಾಲ್‌ನಲ್ಲಿ ಎಲೆ ಹಾಕಿದರು. ಅವನಿಗೆ ಜನರೇಟರ್ ಪಕ್ಕ ಪೇಪರ್ ಪ್ಲೇಟಿನಲ್ಲಿ ಕೊಟ್ಟರು. ಲೆಕ್ಕ ಮಾಡುವಾಗ ‘ಪೆನ್ ಡ್ರೈವ್ ಚುಚ್ಚಿದ್ದಕ್ಕೆ ಇಷ್ಟು ದುಡ್ಡಾ’ ಅಂತ ಒಪ್ಪಿದ್ದರಲ್ಲೇ ಕಡಿಮೆ ಮಾಡಿದರು. ಅವನು ಏನೂ ಮಾತಾಡಲಿಲ್ಲ. ನನಗೆ ಸಿಟ್ಟು ಬಂತು.

ಮರ್ಯಾದೆ ಅಂದರೆ ನನಗೆ ಹಾರ, ಶಾಲು ಅಲ್ಲ. ಒಪ್ಪಿದ ದುಡ್ಡು, ಹೊತ್ತಿಗೆ ಊಟ, ಕರೆಯೋಲೆಯಲ್ಲಿ ಹೆಸರು. ಇವು ಡಿಜೆಗೆ ಸಿಗಬೇಕು ಅಂತ ನನ್ನ ವಾದ. ನಿಮಗೇನನ್ನಿಸುತ್ತೆ?

ಪೆಟ್ಟಿಗೆಮಾಸ್ತರ (ದಾವಣಗೆರೆ)

ತಮ್ಮಾ, ಊಟ, ದುಡ್ಡಿನ ವಿಷಯದಲ್ಲಿ ನಿನ್ನ ಮಾತು ಸರಿ. ಕೆಲಸಕ್ಕೆ ಕರೆದವರನ್ನು ಜನರೇಟರ್ ಪಕ್ಕ ಕೂರಿಸುವುದು ನಮ್ಮ ಊರಿನ ರೀತಿ ಅಲ್ಲ.

ಆದರೆ ‘ಅಷ್ಟೇ ಮರ್ಯಾದೆ’ ಅಂದೆಯಲ್ಲ, ಅಲ್ಲಿ ನನಗೆ ಒಪ್ಪಿಗೆ ಇಲ್ಲ. ನಾನು ಕಂಪನಿ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದವನು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ಸಣ್ಣವನಿದ್ದಾಗ ಸರಳೆ ವರಸೆ, ಜಂಟಿ ವರಸೆ, ಅಲಂಕಾರ ಅಂತ ವರ್ಷಗಟ್ಟಲೆ ಬೆಳಗಿನ ಜಾವ ಕೂತಿದ್ದೇನೆ. ಬೆರಳು ತಪ್ಪಿದರೆ ಗುರುಗಳು ಮತ್ತೆ ಮೊದಲಿಂದ ಹಿಡಿಸುತ್ತಿದ್ದರು. ಮರ್ಯಾದೆ ಕೊಡುವುದು ಆ ಸಾಧನೆಗೆ. ಈಗಿನ ಯಂತ್ರದಲ್ಲಿ ಎರಡು ಹಾಡಿನ ವೇಗ ಸರಿಮಾಡುವುದಕ್ಕೆ ಒಂದು ಬಟನ್ ಇದೆಯಂತೆ. ಒತ್ತಿದರೆ ಆಯಿತು. ಅಲ್ಲಿ ಸಾಧನೆ ಎಲ್ಲಿಂದ ಬಂತು?

ಇನ್ನೊಂದು ಮಾತು. ಹಾಡಿದವರು ಬೇರೆ, ನುಡಿಸಿದವರು ಬೇರೆ, ಬರೆದವರು ಬೇರೆ. ಚಪ್ಪಾಳೆ ಮಾತ್ರ ಹಾಕಿದವನಿಗೆ. ಇದು ನ್ಯಾಯವಾ?

ನಿಟ್ಟುವಳ್ಳಿಅಮ್ಮ (ದಾವಣಗೆರೆ)

ಮರ್ಯಾದೆ ಆಮೇಲೆ. ಮೊದಲು ನಮಗೆ ನಿದ್ದೆ ಕೊಡಿ. ನಮ್ಮ ಮಾವನವರಿಗೆ ಹೃದಯದ ಆಪರೇಷನ್ ಆಗಿದೆ. ಗಣಪತಿ ಬಿಡುವ ದಿನ ಲಾರಿ ನಮ್ಮ ರಸ್ತೆಗೆ ಬಂದರೆ ಕಿಟಕಿ ಗಾಜು ಅದುರುತ್ತದೆ. ಬಾಗಿಲು ಹಾಕಿದರೂ ಎದೆಗೇ ಬಂದು ಗುದ್ದುತ್ತದೆ. ಅವರನ್ನು ಒಳಗಿನ ರೂಮಿಗೆ ಕರೆದುಕೊಂಡು ಹೋಗಿ ಕೈ ಹಿಡಿದುಕೊಂಡು ಕೂರಬೇಕು.

2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಮನೆಗಳಿರುವ ಕಡೆ ಹಗಲು 55 ಡೆಸಿಬಲ್, ರಾತ್ರಿ 45 ಅಂತ ಇದೆ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಕ್ಕೆ ಅಂತ ಸರ್ಕಾರ ವಿನಾಯಿತಿ ಕೊಟ್ಟರೂ ವರ್ಷಕ್ಕೆ 15 ದಿನ ಮಾತ್ರ, ಅದೂ ಮಧ್ಯರಾತ್ರಿ 12ರವರೆಗೆ. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಬೀದಿಯಲ್ಲಿ ಕೇಳುವವರು ಯಾರು?

ತಬಲಾ ನುಡಿಸುವವರು ಯಾರ ಮನೆ ಕಿಟಕಿಯನ್ನೂ ಅದುರಿಸಲ್ಲ.

ಸೌಂಡ್‌ಲಾರಿ (ಚಿತ್ರದುರ್ಗ)

ಅಮ್ಮಾ, ನಿಮ್ಮ ಮಾವನವರ ವಿಷಯ ಓದಿ ನಿಜವಾಗಲೂ ಬೇಜಾರಾಯಿತು. ನಾನು ಬಾಕ್ಸ್ ಬಾಡಿಗೆಗೆ ಕೊಡುವವನು. ನಮ್ಮ ಅಪ್ಪನ ಕಾಲದಲ್ಲಿ ಶಾಮಿಯಾನ, ಮೈಕ್‌ಸೆಟ್ ಇತ್ತು. ಈಗ ಬೇಸ್, ಟಾಪ್, ಆಂಪ್ಲಿಫೈಯರ್, ಜನರೇಟರ್.

ಒಂದು ವಿಷಯ ಬಿಡಿಸಿ ಹೇಳುತ್ತೇನೆ. ಮೆರವಣಿಗೆಯ ಲಾರಿ ಮೇಲೆ ಎಷ್ಟೋ ಸಲ ಡಿಜೆಯೇ ಇರುವುದಿಲ್ಲ. ಸಮಿತಿಯ ಹುಡುಗ ಒಬ್ಬ ಮೊಬೈಲ್ ಚುಚ್ಚಿರುತ್ತಾನೆ. ಸೌಂಡ್ ಎಷ್ಟಿರಬೇಕು ಅಂತ ಹೇಳುವುದು ದುಡ್ಡು ಕೊಟ್ಟ ಸಮಿತಿ. ‘ಆ ಬೀದಿಯವರದ್ದಕ್ಕಿಂತ ಜೋರಾಗಿರಬೇಕು’ ಅಂತ ಮೊದಲೇ ಮಾತಾಗಿರುತ್ತದೆ. ನಾನು ಇಳಿಸಿದರೆ ನನ್ನ ಹುಡುಗರ ಮೇಲೆ ಗಲಾಟೆ. ಕೇಸ್ ಆದರೆ ಜಪ್ತಿ ಆಗುವುದು ನನ್ನ ಬಾಕ್ಸ್. ಜನ ಬೈಯುವುದು ಡಿಜೆಯನ್ನು.

ಇನ್ನು ಕಿವಿಯ ಲೆಕ್ಕ. 85 ಡೆಸಿಬಲ್ ಸದ್ದಿನಲ್ಲಿ 8 ಗಂಟೆ ಕೆಲಸ ಮಾಡಬಹುದು ಅಂತ ಒಂದು ಅಳತೆ ಇದೆ. 3 ಡೆಸಿಬಲ್ ಏರಿದ ಹಾಗೆಲ್ಲ ಹೊತ್ತು ಅರ್ಧ ಆಗುತ್ತದೆ. 100ಕ್ಕೆ ಬಂದರೆ 15 ನಿಮಿಷ ಅಷ್ಟೇ. ಲಾರಿ ಹಿಂದೆ ಇಡೀ ರಾತ್ರಿ ನಿಲ್ಲುವ ನಮ್ಮ ಹುಡುಗರ ಗತಿ ಯೋಚನೆ ಮಾಡಿ. ಬಾಕ್ಸ್ ಹೊರುವ ಹುಡುಗರಿಗೆ ಕಿವಿಗೆ ಇಡುವ ಬೆಂಡು ಕೊಡುವುದನ್ನು ನಾನು ಕಡ್ಡಾಯ ಮಾಡಿದ್ದೇನೆ. ಎಲ್ಲ ಮಾಲೀಕರೂ ಮಾಡಬೇಕು.

ಎರಡುಡೆಕ್ (ಚಿತ್ರದುರ್ಗ)

ಮಾಸ್ತರೇ, ನಮಸ್ಕಾರ. ನಾನು ಡಿಜೆ. ನಿಮ್ಮ ಪ್ರಶ್ನೆಗೆ ಉದ್ದ ಉತ್ತರ ಬೇಕು, ಬೇಸರ ಮಾಡಿಕೊಳ್ಳಬೇಡಿ.

ನೀವು ಹೇಳಿದ ಆ ಬಟನ್ ಇದೆ, ನಿಜ. ಅದಕ್ಕೆ ಸಿಂಕ್ ಅಂತಾರೆ. ಕಂಪ್ಯೂಟರಿನಲ್ಲಿ ಮಾಡಿದ ಈಗಿನ ಹಾಡುಗಳಿಗೆ ಅದು ಕೆಲಸ ಮಾಡುತ್ತದೆ. ಆದರೆ ನಮ್ಮ ಮದುವೆ ಮನೆಯಲ್ಲಿ ಜನ ಕೇಳುವುದು ಹಳೇ ಕನ್ನಡ ಹಾಡು. ಅವನ್ನು ಸ್ಟುಡಿಯೋದಲ್ಲಿ ವಾದ್ಯದವರೆಲ್ಲ ಒಟ್ಟಿಗೆ ಕೂತು ನುಡಿಸಿದ್ದು. ಮನುಷ್ಯರ ಕೈ. ಪಲ್ಲವಿಯಲ್ಲಿ ನಿಮಿಷಕ್ಕೆ 118 ಪೆಟ್ಟು ಇದ್ದದ್ದು ಚರಣಕ್ಕೆ ಬರುವಾಗ 121 ಆಗಿರಬಹುದು. ಯಂತ್ರ ಅಲ್ಲಿ ಎಡವುತ್ತದೆ. ಆಗ ಹೆಡ್‌ಫೋನ್ ಒಂದು ಕಿವಿಗೆ ಇಟ್ಟುಕೊಂಡು, ಬೆರಳಲ್ಲಿ ವೇಗ ಏರಿಸುತ್ತಾ ಇಳಿಸುತ್ತಾ ಎರಡೂ ಹಾಡನ್ನು ಒಂದೇ ಹೆಜ್ಜೆಯಲ್ಲಿ ನಡೆಸಬೇಕು. ಒಂದು ಕ್ಷಣ ಬಿಟ್ಟರೂ ಕುಣಿಯುವವರ ಕಾಲು ತಪ್ಪುತ್ತದೆ.

ನಡೆಯ ತೊಂದರೆ ಇನ್ನೂ ದೊಡ್ಡದು. ನಮ್ಮ ಜಾನಪದ ಹಾಡು ಬಹಳಷ್ಟು ಮೂರರ ನಡೆಯಲ್ಲಿ ಓಡುತ್ತವೆ. ಪೇಟೆಯ ಡ್ಯಾನ್ಸ್ ಹಾಡು ನಾಲ್ಕರ ನಡೆ. ಒಂದರಿಂದ ಇನ್ನೊಂದಕ್ಕೆ ಜನ ನಿಲ್ಲದ ಹಾಗೆ ದಾಟಿಸುವುದು ಹೇಗೆ? ತಾಳ ಇಲ್ಲದ ಜಾಗ ಹುಡುಕಬೇಕು. ಬರೀ ದನಿ ಇರುವ ಸಾಲೋ, ಬರೀ ಕೊಳಲೋ. ಅಲ್ಲಿ ದಾಟಬೇಕು. ಎರಡು ಹಾಡಿನ ಬೇಸ್ ಒಟ್ಟಿಗೆ ಬಂದರೆ ಬರೀ ಗದ್ದಲ. ಒಂದರದ್ದು ಇಳಿಸುತ್ತಾ ಇನ್ನೊಂದರದ್ದು ಏರಿಸಬೇಕು. ಶ್ರುತಿ ಜಗಳ ಆಡಿದರೆ ಆ ಜೋಡಿಯನ್ನೇ ಕೈಬಿಡಬೇಕು. ಇವನ್ನೆಲ್ಲ ಕಲಿಯುವುದಕ್ಕೆ ನನಗೂ ವರ್ಷಗಳು ಹಿಡಿದವು. ನಾನೂ ಬೆಳಗಿನ ಜಾವ ಕೂತಿದ್ದೇನೆ, ಮಾಸ್ತರೇ.

ಇದು ನಿನ್ನೆ ಮೊನ್ನೆ ಶುರುವಾದ ಕೆಲಸವೂ ಅಲ್ಲ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಒಂದು ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಪಾರ್ಟಿ ನಡೆಯಿತು. ಶಾಲೆಗೆ ಬಟ್ಟೆ ಕೊಳ್ಳುವುದಕ್ಕೆ ದುಡ್ಡು ಕೂಡಿಸಬೇಕು ಅಂತ ತಂಗಿ ಏರ್ಪಾಡು ಮಾಡಿದ್ದು. ಅಣ್ಣ ಹಾಡು ಹಾಕಿದ. ಅವನೇ ಡಿಜೆ ಕೂಲ್ ಹರ್ಕ್, ಜಮೈಕಾದಿಂದ ಬಂದ ಕಪ್ಪು ಹುಡುಗ. ಹಾಡಿನ ಮಧ್ಯೆ ಬರೀ ಡ್ರಮ್ ಬರುವ ಸಣ್ಣ ತುಂಡಿಗೆ ಜನ ಜಾಸ್ತಿ ಕುಣಿಯುತ್ತಾರೆ ಅಂತ ಅವನು ಗಮನಿಸಿದ್ದ. ಒಂದೇ ಹಾಡಿನ ಎರಡು ರೆಕಾರ್ಡ್ ಇಟ್ಟುಕೊಂಡು, ಒಂದರಲ್ಲಿ ಆ ತುಂಡು ಮುಗಿಯುವ ಹೊತ್ತಿಗೆ ಇನ್ನೊಂದರಲ್ಲಿ ಶುರು ಮಾಡುವುದು ಅವನ ಉಪಾಯ. ಕೆಲವೇ ಕ್ಷಣದ ತುಂಡನ್ನು ನಿಮಿಷಗಟ್ಟಲೆ ಎಳೆದ. ಹಿಪ್‌ಹಾಪ್ ಹುಟ್ಟಿದ್ದು ಅಲ್ಲಿಂದ ಅಂತ ಲೆಕ್ಕ. ಆಮೇಲೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಬಂದ. ರೆಕಾರ್ಡ್ ಮೇಲೆ ಬಣ್ಣದ ಕಡ್ಡಿಯಲ್ಲಿ ಗುರುತು ಹಾಕಿ, ಸರಿಯಾಗಿ ಅದೇ ಪೆಟ್ಟಿಗೆ ಹಿಂದೆ ತಿರುಗಿಸುವುದನ್ನು ಕೂದಲೆಳೆಯಷ್ಟು ತಪ್ಪದ ಹಾಗೆ ಮಾಡಿದ. ಅದೇ ಬೀದಿಗಳಲ್ಲಿ ಗ್ರ್ಯಾಂಡ್ ವಿಝರ್ಡ್ ಥಿಯೋಡೋರ್ ಅನ್ನುವ ಹುಡುಗ ರೆಕಾರ್ಡನ್ನು ಕೈಯಲ್ಲಿ ಹಿಂದೆ ಮುಂದೆ ಉಜ್ಜಿ ಹೊಸ ನಾದ ತೆಗೆದ. ಅದೇ ಸ್ಕ್ರ್ಯಾಚ್.

ಈಗ ನಿಮಗೇ ಒಂದು ಪ್ರಶ್ನೆ. ಕಂಪನಿ ನಾಟಕದಲ್ಲಿ ಜನ ‘ಒನ್ಸ್‌ಮೋರ್’ ಅಂತ ಕೂಗಿದಾಗ ನೀವು ಏನು ಮಾಡುತ್ತಿದ್ದಿರಿ? ಸತ್ತ ಪಾತ್ರಧಾರಿ ಎದ್ದು ನಿಂತು ಮತ್ತೆ ಹಾಡಿದ್ದೂ ಉಂಟಂತೆ. ಯಾವ ಸಾಲಿನಿಂದ ಎತ್ತಿಕೊಳ್ಳಬೇಕು, ಎಷ್ಟು ಎಳೆಯಬೇಕು, ಯಾವಾಗ ಸಾಕು ಅಂತ ಪೆಟ್ಟಿಗೆ ಮುಂದೆ ಕೂತು ನೀವೇ ತಾನೇ ನಿರ್ಧಾರ ಮಾಡಿದ್ದು? ಜನರನ್ನು ನೋಡಿ ಹಾಡನ್ನು ಎಳೆಯುವ ಆ ವಿದ್ಯೆಯನ್ನೇ ನಾನು ಕಲಿಯಲು ಹೊರಟವನು.

ಕೊನೆಗೆ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಪಟ್ಟಿ ಹಾಕಿ ಬಿಟ್ಟು ಫೋನ್ ನೋಡುತ್ತಾ ಕೂರುವವರು ನಮ್ಮಲ್ಲಿ ತುಂಬಾ ಇದ್ದಾರೆ. ಅವರಿಗಾಗಿ ನಾನು ವಾದ ಮಾಡುತ್ತಿಲ್ಲ.

ಹೊಳಲ್ಕೆರೆಟೀಚರ್ (ಹೊಳಲ್ಕೆರೆ)

ಮಾಸ್ತರ ಮಾತಿಗೆ ಇತಿಹಾಸದ ಕಡೆಯಿಂದ ಒಂದು ಸೇರಿಸುತ್ತೇನೆ.

ಹಾರ್ಮೋನಿಯಂ ಅನ್ನೇ ಆಕಾಶವಾಣಿ 1940ರಲ್ಲಿ ನಿಷೇಧ ಮಾಡಿತ್ತು. ವಿದೇಶಿ ಪೆಟ್ಟಿಗೆ, ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಗಮಕ, ಮೀಂಡ್ ಇದರಲ್ಲಿ ಬರಲ್ಲ, ಒತ್ತಿದರೆ ಸ್ವರ ಬರುವ ಯಂತ್ರ ಇದು ಅಂತ ಆಗಿನ ದೊಡ್ಡವರೆಲ್ಲ ಹೇಳಿದರು. ನಿಷೇಧ ಸಡಿಲ ಆಗಿದ್ದು 1971ರಲ್ಲಿ. ಮೂರು ದಶಕ! ಅದೇ ಹೊತ್ತಿನಲ್ಲಿ ನಮ್ಮ ಕಡೆ ನಾಟಕ, ಭಜನೆ, ಕೀರ್ತನೆ ಯಾವುದೂ ಆ ಪೆಟ್ಟಿಗೆ ಇಲ್ಲದೆ ನಡೆಯುತ್ತಿರಲಿಲ್ಲ. ಪಿಟೀಲು ಯುರೋಪಿನಿಂದ ಬಂದದ್ದು. ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿ ಹಾಕಿದಾಗ ಮೂಗು ಮುರಿದವರಿದ್ದರು. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನ್ ಹಿಡಿದು ಕರ್ನಾಟಕ ಸಂಗೀತ ನುಡಿಸುವುದಕ್ಕೆ ಮೊದಲು ಅದು ಬ್ಯಾಂಡ್‌ಸೆಟ್ಟಿನ ವಾದ್ಯ.

ಬೇರೆಯವರ ಕೃತಿ ಅನ್ನುವ ಆಕ್ಷೇಪಕ್ಕೂ ನನಗೆ ಉತ್ತರ ಇದೆ. ಕಾವ್ಯವನ್ನು ರಾಗದಲ್ಲಿ ಓದುವ ಗಮಕಿಗಳು ಹಾಡುವುದು ಕುಮಾರವ್ಯಾಸನ ಪದ್ಯ. ಅವರು ಬರೆದದ್ದಲ್ಲ. ದಾಸರ ಪದ, ಶರಣರ ವಚನ ಹಾಡುವವರೂ ಬೇರೆಯವರದ್ದನ್ನೇ ಹಾಡುತ್ತಾರೆ. ಯಾವ ಪದ್ಯ ಎತ್ತಿಕೊಳ್ಳಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದರಲ್ಲೇ ಒಬ್ಬ ಗಮಕಿಗೂ ಇನ್ನೊಬ್ಬರಿಗೂ ವ್ಯತ್ಯಾಸ ತಿಳಿಯುತ್ತದೆ.

ಪೆಟ್ಟಿಗೆಮಾಸ್ತರ (ದಾವಣಗೆರೆ)

ಟೀಚರ್, ಆ ನಿಷೇಧದ ನೋವು ನಮ್ಮ ಗುರುಗಳು ಪಟ್ಟದ್ದು. ನನಗೆ ಚೆನ್ನಾಗಿ ಗೊತ್ತು. ‘ರೇಡಿಯೋಕ್ಕೆ ಬೇಡವಾದ ಪೆಟ್ಟಿಗೆ’ ಅಂತ ಅವರನ್ನು ಆಡಿಕೊಂಡವರಿದ್ದರು.

ಗಮಕಿಯ ಮಾತು ಮಾತ್ರ ಪೂರ್ತಿ ಒಪ್ಪಲಾರೆ. ಪದ್ಯ ಕುಮಾರವ್ಯಾಸನದ್ದು, ಆದರೆ ಗಂಟಲು ಗಮಕಿಯದ್ದು. ಶೀತ ಆದರೆ ಆ ದಿನ ಹಾಡು ಇಲ್ಲ. ಡಿಜೆ ಹಾಕುವ ಹಾಡಿನಲ್ಲಿ ಗಂಟಲೂ ಬೇರೆಯವರದ್ದು, ಕೈಯೂ ಬೇರೆಯವರದ್ದು.

ಎರಡುಡೆಕ್ ಕೇಳಿದ ಒನ್ಸ್‌ಮೋರ್ ಪ್ರಶ್ನೆ ಚೆನ್ನಾಗಿದೆ ತಮ್ಮಾ. ಹೌದು, ಅದು ನನ್ನದೇ ನಿರ್ಧಾರ. ಆ ಮಟ್ಟಿಗೆ ನೀನು ನನ್ನ ಕಸುಬಿನವನೇ. ಆದರೆ ನನ್ನ ಸಂಕಟ ಬೇರೆ ಇದೆ. ನಾಟಕಕ್ಕೆ ಪೆಟ್ಟಿಗೆ, ತಬಲಾ, ಕ್ಲಾರಿಯೋನೆಟ್ ಅಂತ ಮೂರು ನಾಲ್ಕು ಮನೆ ಒಲೆ ಉರಿಯುತ್ತಿತ್ತು. ಈಗ ಎಷ್ಟೋ ಕಡೆ ಟ್ರ್ಯಾಕ್ ಹಾಕಿಬಿಡುತ್ತಾರೆ. ಮದುವೆಯಲ್ಲಿ ಓಲಗದವರನ್ನು ಧಾರೆ ಹೊತ್ತಿಗೆ ಮಾತ್ರ ಕರೆಯುತ್ತಾರೆ. ಆ ದುಡ್ಡು ಎಲ್ಲಿಗೆ ಹೋಯಿತು?

ಉರುಮೆಮನೆ (ಚಳ್ಳಕೆರೆ ಕಡೆ)

ಎಲ್ಲರ ಮಾತೂ ಓದಿದೆ. ಯಾರೂ ಕೇಳದ ಪ್ರಶ್ನೆ ಒಂದಿದೆ. ಡಿಜೆಗೆ ಸಂಗೀತಗಾರರಷ್ಟು ಮರ್ಯಾದೆ ಬೇಕು ಅಂತೀರಿ. ಯಾವ ಸಂಗೀತಗಾರರಷ್ಟು?

ನಮ್ಮದು ಉರುಮೆ, ತಮಟೆ ಬಾರಿಸುವ ಮನೆ. ಅಜ್ಜ, ಅಪ್ಪ, ಈಗ ನಾನು. ದೇವರು ಹೊರಡಬೇಕಾದರೆ ನಮ್ಮ ಉರುಮೆ ಮುಂದೆ ಇರಬೇಕು. ಉರುಮೆ ಇಲ್ಲದೆ ಮೈಮೇಲೆ ದೇವರು ಬರಲ್ಲ ಅಂತಾರೆ. ಆದರೆ ನಮ್ಮ ಅಜ್ಜ ಆ ಗುಡಿ ಒಳಗೆ ಕಾಲಿಡಲಿಲ್ಲ. ಊಟಕ್ಕೆ ಕೂರಿಸುತ್ತಿದ್ದದ್ದು ಊರಾಚೆ ಮರದ ಕೆಳಗೆ. ದುಡ್ಡನ್ನು ಕೈಗೆ ಕೊಡುತ್ತಿರಲಿಲ್ಲ. ನೆಲದ ಮೇಲೆ ಹಾಕುತ್ತಿದ್ದರು, ಬಗ್ಗಿ ಎತ್ತಿಕೊಳ್ಳಬೇಕಿತ್ತು. ಅಪ್ಪನ ಕಾಲಕ್ಕೆ ಸ್ವಲ್ಪ ಬದಲಾಯಿತು. ನನ್ನ ಕಾಲಕ್ಕೆ ಇನ್ನೂ ಸ್ವಲ್ಪ. ಇವತ್ತಿಗೂ ಕೆಲವು ಕಡೆ ನೀರು ಕೊಡುವ ಲೋಟ ನೋಡಿದರೆ ನನಗೆ ಅರ್ಥ ಆಗುತ್ತದೆ.

ಬೆಣ್ಣೆನಗರಿ ಅವರ ತಮ್ಮನಿಗೆ ಜನರೇಟರ್ ಪಕ್ಕ ಊಟ ಕೊಟ್ಟದ್ದು ತಪ್ಪು. ನೂರಕ್ಕೆ ನೂರು ತಪ್ಪು. ಆದರೆ ಆ ಜಾಗ ಹೊಸದಾಗಿ ಹುಟ್ಟಿದ್ದಲ್ಲ ಸಾರ್. ಅಲ್ಲಿ ನಾವು ತಲೆಮಾರುಗಳಿಂದ ಕೂತಿದ್ದೇವೆ. ನಮ್ಮನ್ನು ಯಾರೂ ಸಂಗೀತಗಾರರು ಅಂತ ಕರೆಯಲಿಲ್ಲ. ಮಾಸ್ತರು ಸಾಧನೆಗೆ ಮರ್ಯಾದೆ ಅಂದರು. ಉರುಮೆಯ ಒಂದು ಮುಖಕ್ಕೆ ಪೆಟ್ಟು, ಇನ್ನೊಂದು ಮುಖದ ಮೇಲೆ ಬಾಗಿದ ಕೋಲನ್ನು ಒತ್ತಿ ಉಜ್ಜಬೇಕು. ಆ ಕೊರೆಯುವ ನಾದ ಬರುವುದಕ್ಕೆ ಕೈ ಹದ ಆಗಬೇಕು. ಒತ್ತು ಜಾಸ್ತಿ ಆದರೆ ನಾದ ಸಾಯುತ್ತದೆ, ಕಡಿಮೆ ಆದರೆ ಹುಟ್ಟುವುದೇ ಇಲ್ಲ. ತಮಟೆಯನ್ನು ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಬೇಕು. ಎಷ್ಟು ಕಾಸಿದರೆ ಸಾಕು ಅಂತ ಬೆರಳು ಬಡಿದು ಕೇಳಿ ತಿಳಿಯಬೇಕು. ಇದು ಸಾಧನೆ ಅಲ್ವಾ? ಹಾಗಾದರೆ ಮರ್ಯಾದೆ ಯಾಕೆ ಬರಲಿಲ್ಲ? ಬೆರಳಿನ ಸಾಧನೆ ನೋಡುವುದಕ್ಕೆ ಮೊದಲು ಜನ ಜಾತಿ ನೋಡಿದರು. ಅದಕ್ಕೆ.

2023ರಲ್ಲಿ ಚಿಕ್ಕಬಳ್ಳಾಪುರ ಕಡೆಯ ತಮಟೆ ಕಲಾವಿದರಾದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ನಮ್ಮ ಹಟ್ಟಿಯಲ್ಲಿ ಸಿಹಿ ಹಂಚಿದೆವು. ತಮಟೆಗೆ ಪದ್ಮಶ್ರೀ! ಅಪ್ಪ ಇದ್ದಿದ್ದರೆ ಅತ್ತುಬಿಡುತ್ತಿದ್ದರು.

ಈಗ ಡಿಜೆ ವಿಷಯ. ಲಾರಿ ಬಂದ ಮೇಲೆ ನಮಗೆ ಕರೆ ಕಡಿಮೆ ಆಗಿದೆ. ದೇವರಿಗೆ ಶಾಸ್ತ್ರಕ್ಕೆ ಅಂತ ಇಬ್ಬರನ್ನು ಕರೆಯುತ್ತಾರೆ, ಕುಣಿಯುವುದಕ್ಕೆ ಲಾರಿ. ಆದರೆ ನನ್ನ ಸ್ವಂತ ತಮ್ಮ ಅದೇ ಲಾರಿಯಲ್ಲಿ ಬಾಕ್ಸ್ ಹೊರುತ್ತಾನೆ. ಅವನು ನನಗೆ ಹೇಳಿದ್ದು ಇದು: ‘ಅಣ್ಣಾ, ಲಾರಿ ಮೇಲೆ ನಿಂತಾಗ ಯಾರೂ ನನ್ನ ಜಾತಿ ಕೇಳಲ್ಲ.’ ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಹಾಗಾಗಿ ನಾನು ಡಿಜೆಯ ವಿರೋಧಿ ಅಲ್ಲ.

ಎರಡುಡೆಕ್ ಅಣ್ಣನಿಗೆ ಒಂದೇ ಪ್ರಶ್ನೆ. ನೀವೆಲ್ಲ ಹಾಕುವ ರೀಮಿಕ್ಸ್‌ಗಳಲ್ಲಿ ಉರುಮೆ, ತಮಟೆ ಪೆಟ್ಟು ಕೇಳಿಸುತ್ತದೆ. ಅದನ್ನು ಬಾರಿಸಿದವರು ಯಾರು? ಅವರಿಗೆ ಏನು ಸಿಕ್ಕಿತು?

ಬೆಣ್ಣೆನಗರಿ (ದಾವಣಗೆರೆ)

ಅಣ್ಣಾ, ನಾನು ಕೇಳಿದ ಪ್ರಶ್ನೆಗಿಂತ ನಿಮ್ಮ ಪ್ರಶ್ನೆ ದೊಡ್ಡದು. ನಮ್ಮ ತಂಡದಲ್ಲೂ ತಮಟೆ ಬಾರಿಸಲು ಒಬ್ಬರು ಬರುತ್ತಾರೆ. ಪೋಸ್ಟರಿನಲ್ಲಿ ಗಾಯಕರು, ಕೀಬೋರ್ಡ್, ಗಿಟಾರ್ ಎಲ್ಲರ ಹೆಸರೂ ಇರುತ್ತದೆ, ಅವರದ್ದು ‘ಮತ್ತು ಸಂಗಡಿಗರು’ ಅನ್ನುವುದರಲ್ಲಿ ಸೇರಿಹೋಗುತ್ತದೆ. ಮುಂದಿನ ಪೋಸ್ಟರ್ ನಾನೇ ಮಾಡಿಸುತ್ತೇನೆ. ಅವರ ಹೆಸರು, ವಾದ್ಯದ ಹೆಸರು ಎರಡೂ ಹಾಕಿಸುತ್ತೇನೆ.

ಕಲಂ52 (ದಾವಣಗೆರೆ)

ನಾನು ಕಾನೂನು ಓದುತ್ತಿದ್ದೇನೆ. ಉರುಮೆಮನೆ ಅಣ್ಣನ ಪ್ರಶ್ನೆಯ ದುಡ್ಡಿನ ಭಾಗಕ್ಕೆ ನನಗೆ ತಿಳಿದದ್ದು ಹೇಳುತ್ತೇನೆ.

ಹೋಟೆಲು, ಪಬ್ಬು, ಟಿಕೆಟ್ ಇಟ್ಟ ಕಾರ್ಯಕ್ರಮಗಳಲ್ಲಿ ರೆಕಾರ್ಡ್ ಆದ ಹಾಡು ಹಾಕಬೇಕಾದರೆ ಹಕ್ಕಿರುವವರಿಂದ ಪರವಾನಗಿ ತೆಗೆದುಕೊಳ್ಳಬೇಕು. ಅದಕ್ಕೆ ಸಂಘಗಳಿವೆ. ಹಾಡು ಬರೆದವರ, ಸ್ವರ ಹಾಕಿದವರ ಪರವಾಗಿ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ 1969ರಿಂದ ಇದೆ. 2012ರ ತಿದ್ದುಪಡಿ ಆದ ಮೇಲೆ ಸಿನಿಮಾ ಹಾಡಿನ ಗೌರವಧನದಲ್ಲಿ ಬರೆದವರಿಗೂ ಸಂಗೀತ ಕೊಟ್ಟವರಿಗೂ ಪಾಲು ಇರಲೇಬೇಕು. ಮದುವೆಗೆ ಮಾತ್ರ ಬೇರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂನಲ್ಲಿ ಧಾರ್ಮಿಕ ವಿಧಿಗೆ ವಿನಾಯಿತಿ ಇದೆ. ಮದುವೆ ದಿಬ್ಬಣ, ಮದುವೆಗೆ ಸೇರಿದ ಸಂಭ್ರಮ ಅದರಲ್ಲೇ ಬರುತ್ತದೆ. 2023ರಲ್ಲಿ ಕೇಂದ್ರ ಸರ್ಕಾರವೂ ಇದನ್ನು ಸ್ಪಷ್ಟ ಮಾಡಿತು. ಅಂದರೆ ನಮ್ಮ ಊರಿನ ಡಿಜೆಗಳು ಜಾಸ್ತಿ ಕೆಲಸ ಮಾಡುವ ಜಾಗದಲ್ಲೇ ಹಾಡಿನವರಿಗೆ ಏನೂ ಹೋಗಲ್ಲ.

ಡಿಜೆಗಳ ಪರವಾಗಿಯೂ ಒಂದು ತೀರ್ಪು ಇದೆ. ಜರ್ಮನಿಯಲ್ಲಿ ಸಂಗೀತ ಕಛೇರಿಯ ಟಿಕೆಟ್‌ಗೆ ತೆರಿಗೆ ಕಡಿಮೆ, ಶೇ. 7. ಬೇರೆ ಮನರಂಜನೆಗೆ ಶೇ. 19. ಟೆಕ್ನೋ, ಹೌಸ್ ಅನ್ನುವ ಯಂತ್ರದ ಡ್ಯಾನ್ಸ್ ಸಂಗೀತ ಹಾಕುವ ಡಿಜೆಗಳ ರಾತ್ರಿ ಯಾವುದರಲ್ಲಿ ಬರುತ್ತದೆ ಅನ್ನುವ ಜಗಳ ಕೋರ್ಟಿಗೆ ಹೋಯಿತು. 2020ರಲ್ಲಿ ಅಲ್ಲಿನ ಅತ್ಯುನ್ನತ ತೆರಿಗೆ ನ್ಯಾಯಾಲಯ ಅವುಗಳನ್ನೂ ಕಛೇರಿ ಅಂತ ಒಪ್ಪಬಹುದು ಅಂದಿತು. 2024ರಲ್ಲಿ ಬರ್ಲಿನ್ನಿನ ಟೆಕ್ನೋ ಸಂಸ್ಕೃತಿ ಆ ದೇಶದ ಪರಂಪರೆಯ ಪಟ್ಟಿಗೂ ಸೇರಿತು.

ಎರಡುಡೆಕ್ (ಚಿತ್ರದುರ್ಗ)

ಉರುಮೆಮನೆ ಅಣ್ಣಾ, ನೇರವಾಗಿ ಹೇಳುತ್ತೇನೆ. ಆ ಪೆಟ್ಟುಗಳು ಇಂಟರ್‌ನೆಟ್‌ನಲ್ಲಿ ಓಡಾಡುವ ಸ್ಯಾಂಪಲ್ (ಮೊದಲೇ ರೆಕಾರ್ಡ್ ಮಾಡಿಟ್ಟ ಸಣ್ಣ ತುಂಡು) ಕಟ್ಟುಗಳಿಂದ ಬರುತ್ತವೆ. ಯಾರು ಬಾರಿಸಿದ್ದು ಅಂತ ಎಲ್ಲೂ ಬರೆದಿರಲ್ಲ. ಅವರಿಗೆ ಏನೂ ಸಿಕ್ಕಿರಲ್ಲ. ಬ್ರಾಂಕ್ಸ್‌ನ ಹುಡುಗರು ಎಳೆದ ಡ್ರಮ್ ತುಂಡುಗಳನ್ನು ಆಮೇಲೆ ಸಾವಿರಾರು ಹಾಡುಗಳು ಬಳಸಿಕೊಂಡವು. ಅಲ್ಲೂ ಡ್ರಮ್ ಬಾರಿಸಿದ ಎಷ್ಟೋ ಜನರಿಗೆ ಏನೂ ಬರಲಿಲ್ಲ. ನಮ್ಮ ಕಸುಬಿನಲ್ಲಿ ಇರುವ ನಿಜವಾದ ಅನ್ಯಾಯ ಇದೇ. ಮಾಸ್ತರೂ ಮೊದಲ ಮಾತಿನಲ್ಲೇ ಇದನ್ನು ಮುಟ್ಟಿದ್ದರು.

ನೀವು ಕೋಲು ಉಜ್ಜುವ ಬಗ್ಗೆ ಬರೆದದ್ದನ್ನು ಎರಡು ಸಲ ಓದಿದೆ. ಸ್ಕ್ರ್ಯಾಚ್ ಮಾಡುವಾಗ ನಮ್ಮದೂ ಅದೇ ಲೆಕ್ಕ. ಒತ್ತು ಜಾಸ್ತಿ ಆದರೆ ನಿಲ್ಲುತ್ತದೆ, ಕಡಿಮೆ ಆದರೆ ಜಾರುತ್ತದೆ. ಸ್ಯಾಂಪಲ್‌ನಲ್ಲಿ ಉರುಮೆಯ ಆ ಜಾರು ನಾದ ಸರಿಯಾಗಿ ಸಿಗುವುದೂ ಇಲ್ಲ, ಒಂದೇ ಅಳತೆಯಲ್ಲಿ ತುಂಡಾಗಿರುತ್ತದೆ.

ನನ್ನ ಕೋರಿಕೆ ಇದು. ನಿಮ್ಮ ಉರುಮೆಯನ್ನು ಸರಿಯಾಗಿ ರೆಕಾರ್ಡ್ ಮಾಡೋಣ. ಅದಕ್ಕೆ ದುಡ್ಡು ಬೇರೆ, ನಾನು ಬಳಸುವ ಪ್ರತಿ ಟ್ರ್ಯಾಕಿನಲ್ಲಿ ನಿಮ್ಮ ಹೆಸರು ಮೊದಲು. ಬೇರೆ ಡಿಜೆಗಳಿಗೆ ಕೊಟ್ಟರೆ ಆ ದುಡ್ಡು ನಿಮಗೆ. ಕಲಂ52 ಅಕ್ಕ ಒಪ್ಪಂದ ಬರೆದುಕೊಡಲಿ. ಆಮೇಲೆ ಒಂದು ಕಾರ್ಯಕ್ರಮ ಇಬ್ಬರೂ ಒಟ್ಟಿಗೆ ಮಾಡೋಣ, ನೀವು ಎದುರಿಗೆ ಬಾರಿಸಿ, ನಾನು ಡೆಕ್ ಮೇಲೆ.

ಪೆಟ್ಟಿಗೆಮಾಸ್ತರ (ದಾವಣಗೆರೆ)

ಉರುಮೆಮನೆಯವರೇ, ನಾಟಕದ ಕ್ಯಾಂಪ್ ಹಾಕಿದ ಊರುಗಳಲ್ಲಿ ಪ್ರಚಾರಕ್ಕೆ ನಿಮ್ಮವರೇ ತಮಟೆ ಹೊಡೆದು ಬೀದಿ ಸುತ್ತುತ್ತಿದ್ದರು. ನಾವು ಒಳಗೆ ಕೂತು ಉಣ್ಣುತ್ತಿದ್ದೆವು. ಅವರು ಎಲ್ಲಿ ಉಂಡರು ಅಂತ ನಮ್ಮಲ್ಲಿ ಯಾರೂ ಕೇಳಿದ್ದನ್ನು ನಾನು ಕಾಣೆ.

ಡಿಜೆಯನ್ನು ವಿದ್ವಾಂಸ ಅಂತ ನಾನು ಇನ್ನೂ ಕರೆಯಲಾರೆ. ಆದರೆ ಈ ಹುಡುಗನಿಗೆ ಕಿವಿ ಇದೆ. ಶ್ರುತಿ ಜಗಳದ ವಿಷಯ ಹೇಳಿದೆಯಲ್ಲ ತಮ್ಮಾ, ರಾಗದ ಲೆಕ್ಕ ಗೊತ್ತಿದ್ದರೆ ಇನ್ನೂ ಒಳ್ಳೆಯ ಜೋಡಿ ಸಿಗುತ್ತದೆ. ಮೋಹನದ ಹಾಡಿನಿಂದ ಹಂಸಧ್ವನಿಗೆ ಹೋದರೆ ಎಷ್ಟು ಸುಲಭ ನೋಡು, ಷಡ್ಜ ಬಿಟ್ಟು ಇನ್ನೂ ಮೂರು ಸ್ವರ ಒಂದೇ ಜಾಗದಲ್ಲಿ. ಬಾ, ಹೇಳಿಕೊಡುತ್ತೇನೆ.

ಎರಡುಡೆಕ್ (ಚಿತ್ರದುರ್ಗ)

ಬರುತ್ತೇನೆ ಮಾಸ್ತರೇ. ಖಂಡಿತ ಬರುತ್ತೇನೆ.

ನಿಟ್ಟುವಳ್ಳಿಅಮ್ಮ (ದಾವಣಗೆರೆ)

ಎಲ್ಲ ಸರಿ. ಸೌಂಡ್ ವಿಷಯ ಮಾತ್ರ ಯಾರೂ ಮುಗಿಸಲಿಲ್ಲ. ಸೌಂಡ್‌ಲಾರಿ ಅವರೇ, ಸಮಿತಿ ಹೇಳಿದರು ಅಂತ ಏರಿಸುವವರು ನೀವೇ ತಾನೇ? ಜೋರು ಮಾಡಲ್ಲ ಅಂತ ಒಬ್ಬರು ಹೇಳಿದರೆ ಅವರಿಗೆ ಬಾಡಿಗೆ ತಪ್ಪುತ್ತದೆ. ಎಲ್ಲ ಮಾಲೀಕರೂ ಸೇರಿ ಹೇಳಿದರೆ ಸಮಿತಿ ಎಲ್ಲಿಗೆ ಹೋಗುತ್ತದೆ?

ಸೌಂಡ್‌ಲಾರಿ (ಚಿತ್ರದುರ್ಗ)

ಅಮ್ಮಾ, ನಿಮ್ಮ ಮಾತು ಸರಿ. ನಮ್ಮ ಕಡೆಯ ಮಾಲೀಕರ ಜೊತೆ ಈ ಮಾತು ಎತ್ತುತ್ತೇನೆ. ಆಸ್ಪತ್ರೆ ಹತ್ತಿರ ಪೂರ್ತಿ ಬಂದ್, ಮನೆಗಳ ಬೀದಿಯಲ್ಲಿ ಬೇಸ್ ಬಂದ್. ಇದನ್ನು ಬಾಡಿಗೆ ಚೀಟಿಯಲ್ಲೇ ಬರೆಸಿದರೆ ಹುಡುಗರಿಗೆ ತೋರಿಸುವುದಕ್ಕೆ ಒಂದು ಆಧಾರ ಆಗುತ್ತದೆ.

ಉರುಮೆಮನೆ (ಚಳ್ಳಕೆರೆ ಕಡೆ)

ಎರಡುಡೆಕ್ ಅಣ್ಣಾ, ಮಾಡೋಣ. ಆದರೆ ಕೆಲವು ಮಾತು ಮೊದಲೇ ಆಗಬೇಕು.

ನಾನು ಕಿವಿಗೆ ಕ್ಲಿಕ್ (ಒಂದೇ ವೇಗದ ಟಿಕ್ ಟಿಕ್) ಹಾಕಿಕೊಂಡು ಬಾರಿಸಲ್ಲ. ಉರುಮೆ ಕಾವು ಏರಿದ ಹಾಗೆ ವೇಗ ಏರುತ್ತದೆ. ಅದು ಹಾಗೇ ಇರಬೇಕು. ನೀನು ನನ್ನ ಹಿಂದೆ ಬರಬೇಕು, ನಾನು ನಿನ್ನ ಹಿಂದೆ ಅಲ್ಲ. ರೆಕಾರ್ಡ್ ನಮ್ಮ ಹಟ್ಟಿಯಲ್ಲೇ ಆಗಲಿ. ತಮಟೆ ಕಾಸುವುದಕ್ಕೆ ಬೆಂಕಿ ಬೇಕು, ಸ್ಟುಡಿಯೋದಲ್ಲಿ ಯಾರೂ ಬಿಡಲ್ಲ. ದೇವರ ಮುಂದೆ ಬಾರಿಸುವ ಮಟ್ಟು ರೆಕಾರ್ಡಿಗೆ ಕೊಡಲ್ಲ, ಕುಣಿತದ್ದು ಕೊಡುತ್ತೇನೆ. ಕಾರ್ಯಕ್ರಮದ ದುಡ್ಡು ಸಮಪಾಲು, ಅರ್ಧ ಮುಂಗಡ. ನನ್ನ ಜೊತೆ ಬಾರಿಸುವವರಿಗೆ ಬೇರೆ ಲೆಕ್ಕ. ನನ್ನ ತಮ್ಮನೂ ಬರುತ್ತಾನೆ. ಅವತ್ತು ಅವನು ಬಾಕ್ಸ್ ಹೊರಲ್ಲ, ತಮಟೆ ಹಿಡಿಯುತ್ತಾನೆ.

ಎರಡುಡೆಕ್ (ಚಿತ್ರದುರ್ಗ)

ಎಲ್ಲಕ್ಕೂ ಒಪ್ಪಿಗೆ ಅಣ್ಣಾ. ವೇಗ ನಿಮ್ಮದೇ. ನಾನು ಸಿಂಕ್ ತೆಗೆದಿಟ್ಟು ಬೆರಳಲ್ಲೇ ಬರುತ್ತೇನೆ. ಒಂದು ಅನುಮಾನ: ಕೋಲು ಉಜ್ಜುವ ಕಡೆಗೂ ಪೆಟ್ಟಿನ ಕಡೆಗೂ ಬೇರೆ ಬೇರೆ ಮೈಕ್ ಇಡಬೇಕಾ, ಒಂದೇ ಸಾಕಾ?

ಸೌಂಡ್‌ಲಾರಿ (ಚಿತ್ರದುರ್ಗ)

ಬೇರೆ ಬೇರೆ ಇಡಬೇಕು. ಉಜ್ಜುವ ನಾದ ಮೆತ್ತಗೆ, ಪೆಟ್ಟು ಜೋರು. ಒಂದೇ ಮೈಕ್ ಇಟ್ಟರೆ ಪೆಟ್ಟು ಅದನ್ನು ನುಂಗುತ್ತದೆ. ಉಜ್ಜುವ ಕಡೆ ಹತ್ತಿರ, ಪೆಟ್ಟಿನ ಕಡೆ ಸ್ವಲ್ಪ ದೂರ. ಮೈಕ್, ಸ್ಟ್ಯಾಂಡ್ ನನ್ನ ಹತ್ತಿರ ಇವೆ, ಬಾಡಿಗೆ ಬೇಡ. ಯಾವ ದಿನ ಅಂತ ಹೇಳಿ, ಗಾಡಿ ಖಾಲಿ ಇಟ್ಟುಕೊಳ್ಳುತ್ತೇನೆ.